ಗಾಡಕ್ಕನ ಅಣ್ಣನಿಗೆ ಉಳಿದ ಮಾತು

ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಗಾಡಕ್ಕ ಅನ್ನುತ್ತಿದ್ದರು. ಭಕ್ತಿಗೂ ಆ ಹೆಸರಿಗೂ ಸಂಬಂಧವಿಲ್ಲ. ಇಂಗ್ಲಿಷ್ ಸೀರಿಯಲ್ಲುಗಳಲ್ಲಿ ಬಾಗಿಲು ತೆಗೆದು ಬೆಚ್ಚಿದವಳು, ಪತ್ರ ಓದಿ ಕುಸಿದವಳು, ಉಂಗುರ ನೋಡಿ ಕುಣಿದವಳು, ಯಾರೇ ಆಗಲಿ ‘ಓ ಮೈ ಗಾಡ್’ ಅಂದರೆ ಅದಕ್ಕೆ ನಮ್ಮ ಮಾತಿನಲ್ಲಿ ದನಿ ಕೊಡುವವರು ಅಕ್ಕ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. “ಇಷ್ಟು ಸಲ ಕರೆದಿದೀನಿ, ಒಂದ್ಸಲನಾದ್ರೂ ‘ಏನಮ್ಮಾ’ ಅಂದಿದಾನಾ ಕೇಳು” ಎಂದು ತಾವೇ ನಗುತ್ತಿದ್ದರು.

ನಾನು ಗಾಜಿನ ಈಚೆ ಕೂತು ಆ ದನಿಯನ್ನು ಹಿಡಿದಿಡುವವನು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಆ ಕೋಣೆಯೊಳಗೆ ಹೊರಗಿನ ಹಗಲು ಮರೆತೇ ಹೋಗುತ್ತದೆ. ತೆರೆಯ ಮೇಲೆ ಒಂದೇ ಮುಖ ಮತ್ತೆ ಮತ್ತೆ ಬರುತ್ತದೆ, ಅದೇ ಬಾಗಿಲು ತೆರೆಯುತ್ತದೆ, ಅದೇ ಕಣ್ಣು ಅರಳುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಆಗ ಕತ್ತಲಿನಿಂದ ಅಕ್ಕನ ದನಿ ಬರುತ್ತಿತ್ತು, ಯಾರೋ ಪಕ್ಕದ ಕೋಣೆಯಲ್ಲಿ ಎದ್ದು ಕೂತಂತೆ.

ಅಕ್ಕನ ಕೆಲಸಕ್ಕೆ ಎರಡು ಕಟ್ಟಳೆ. ಮೊದಲನೆಯದು, ಮೊದಲು ಮೂಕ, ಆಮೇಲೆ ಮಾತು. ಯಾವ ದೃಶ್ಯವನ್ನೂ ಮೊದಲ ಸಲ ಸದ್ದಿಲ್ಲದೆ ನೋಡಬೇಕು, ಆ ಮುಖಕ್ಕೆ ಏನು ಬೇಕಾಗಿದೆ ಅಂತ ತಿಳಿಯಬೇಕು, ಆಮೇಲೆ ಮಾತಿನ ಸಾಲು ಬರೆಯಬೇಕು. ಎರಡನೆಯದನ್ನು ಹೊಸಬರಿಗೆಲ್ಲ ಕಿವಿ ಹಿಂಡಿ ಹೇಳುತ್ತಿದ್ದರು: “ಅವರ ತುಟಿ ತೆರೆಯೋ ಮುಂಚೆ ನಿಮ್ಮ ದನಿ ಹೋದ್ರೆ ಅದು ಡಬ್ಬಿಂಗ್ ಅಲ್ಲ, ದರೋಡೆ.”

ಸಾಲು ಬರೆಯುವುದರಲ್ಲಿ ಅವರ ಗುಟ್ಟಿನ ಪಾಲುದಾರ ಅವರ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಜೊತೆ ಎರಡು ಕೋಣೆಯ ಮಹಡಿ ಮನೆಯಲ್ಲಿದ್ದ ಆತ ಕರೆಂಟ್ ಲೈನ್‌ಮ್ಯಾನ್. ಮಹಾ ಮಾತುಗಾರ, ಮಹಾ ನಾಸ್ತಿಕ. “ಮೂವತ್ತು ವರ್ಷ ಕಂಬ ಹತ್ತಿದೀನಿ. ನಿಮಗೆಲ್ಲರಿಗಿಂತ ಜಾಸ್ತಿ ಸಲ ಮೇಲೆ ಹೋಗಿ ಬಂದವನು ನಾನು. ಅಲ್ಲಿ ಯಾರೂ ಇಲ್ಲ” ಅನ್ನುತ್ತಿದ್ದ. ತಂಗಿಯ ಸ್ಕ್ರಿಪ್ಟಿನಿಂದ ದೇವರನ್ನು ಹೊರಗೆ ಹಾಕುವುದೇ ಅವನಿಗೆ ಆಟ. ‘ಫಾರ್ ಗಾಡ್ಸ್ ಸೇಕ್’ ಬಂದರೆ “ನಿನ್ನ ದಮ್ಮಯ್ಯ ಅಂತ ಬರಿ.” ‘ಗಾಡ್ ಫರ್ಬಿಡ್’ ಬಂದರೆ “ಬಿಡ್ತು ಅನ್ನು.” ‘ಗಾಡ್ ನೋಸ್’ ಅಂದರೆ “ಯಾರಿಗ್ಗೊತ್ತು!” ‘ಥ್ಯಾಂಕ್ ಗಾಡ್’ ಬಂದಾಗ ಒಂದು ಕ್ಷಣ ಕಣ್ಣು ಮುಚ್ಚಿ, ಭಾರ ಇಳಿಸಿದವನಂತೆ ಉಸಿರು ಬಿಟ್ಟು, “ಸದ್ಯ” ಅಂದಿದ್ದ. ಆ ಒಂದು ಪದಕ್ಕೆ ಅಕ್ಕ ಇಡೀ ವಾರ ಅವನನ್ನು ಹೊಗಳಿದ್ದರು. ‘ಅಯ್ಯೋ ದೇವರೇ’ ಮಾತ್ರ ಅವನಿಂದ ಓಡಿಸಲಾಗಲಿಲ್ಲ. ಅದು ಹೆಣ್ಣುಮಕ್ಕಳ ಉಸಿರಿನಲ್ಲೇ ಇದೆ, ಇರಲಿ ಬಿಡು ಎಂದು ಕೈಚೆಲ್ಲಿದ್ದ.

ಅಂಥವನಿಗೆ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗಲೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಎಳೆಯಿತು, ಮಾತೆಲ್ಲ ಹೋಯಿತು. ಮೂರನೆಯ ವಾರ ಬಾಯಿ ತೆರೆದಾಗ ಹೊರಬಂದದ್ದು ಒಂದೇ ಒಂದು ಮಾತು.

“ಅಯ್ಯೋ ದೇವರೇ.”

ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ಸಿಟ್ಟಿಗೂ ಅದೇ, ನಗುವಿಗೂ ಅದೇ. ಯೋಚನೆ ಮಾಡಿ ಆಡುವ ಮಾತು ಹೋದರೂ ಅಭ್ಯಾಸದಿಂದ ಬರುವ ಮಾತು ಕೆಲವರಲ್ಲಿ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಅವನ ಕಿವಿಗೆ ಬೀಳುವಂತೆ ಅಕ್ಕ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದ್ದು ಅದನ್ನೇ ತಾನೇ. ಕೆಳಮನೆಯ ಯಜಮಾನರು ಮಾತ್ರ, “ಕೊನೆಗೂ ದಾರಿಗೆ ಬಂದ್ರು ನೋಡಿ” ಎಂದು ಮೀಸೆಯಲ್ಲೇ ನಕ್ಕರು. ನನಗೆ ಆ ಮೀಸೆ ಕಿತ್ತು ಕೈಗೆ ಕೊಡುವಷ್ಟು ಕೋಪ ಬಂದಿತ್ತು.

ಅಕ್ಕ ಹೆದರಲಿಲ್ಲ. ಒಂದೇ ‘ಅಯ್ಯೋ ದೇವರೇ’ಯನ್ನು ನಲವತ್ತು ಥರ ಹೇಳಬಲ್ಲವರಿಗೆ ನಲವತ್ತು ಥರ ಕೇಳಿಸಿಕೊಳ್ಳುವುದು ಕಷ್ಟವೇ? ಬಂದವರಿಗೆಲ್ಲ ಅರ್ಥ ಹೇಳತೊಡಗಿದರು. “ಕಾಫಿಗೆ ಸಕ್ಕರೆ ಕಮ್ಮಿ ಅಂತಿದಾನೆ.” “ನಿಮ್ಮನ್ನ ನೋಡಿ ಖುಷಿ ಆಯ್ತಂತೆ.” ನಾನೂ ಒಂದು ಭಾನುವಾರ ಹೋಗಿದ್ದೆ. ಕಿಟಕಿಯ ಬಿಸಿಲು ಅವನ ಮಂಚದ ಮೇಲೆ ಮಲಗಿತ್ತು. ಅವನ ತುಟಿ ಅಲುಗುತ್ತಿತ್ತು, ಅಕ್ಕನ ದನಿ ಕೇಳುತ್ತಿತ್ತು. ಸ್ಟುಡಿಯೋದಲ್ಲೇ ಕೂತಿದ್ದೇನೆ ಅನ್ನಿಸಿ ನನ್ನ ಬೆರಳು ರೆಕಾರ್ಡಿಂಗ್ ಬಟನ್ ಹುಡುಕಿತು.

ಆಗಲೇ ಅವನ ಮಗಳು ಒಂದು ಮಾತು ಎತ್ತಿದಳು. ಊರಾಚೆ ಒಂದು ಆರೈಕೆ ಕೇಂದ್ರವಿದೆ, ಮಾತು ಕಲಿಸುವವರಿದ್ದಾರೆ, ಅಪ್ಪನಂಥವರು ಹತ್ತಾರು ಜನರಿದ್ದಾರೆ, ಒಂದು ವರ್ಷ ಅಲ್ಲಿರಲಿ ಎಂದಳು. ಅಕ್ಕನಿಗೆ ಸಿಡಿಲು ಬಡಿದಂತಾಯಿತು. ಆ ಮನೆಯಲ್ಲಿ ಅಣ್ಣನಿಲ್ಲದ ದಿನವೇ ಅವರಿಗೆ ಗೊತ್ತಿರಲಿಲ್ಲ.

ಮಗಳು ಫೋನಿನಲ್ಲಿ ವಿಡಿಯೋ ಮಾಡುತ್ತಲೇ ಅಪ್ಪನನ್ನು ಕೇಳಿದಳು. ಅವನದು ಎಂದಿನ ಮಾತೇ. “ಇಲ್ಲೇ ಇರ್ತೀನಿ ಅಂತಿದಾನೆ” ಎಂದರು ಅಕ್ಕ.

“ಅತ್ತೆ, ಅದು ಅಪ್ಪ ಹೇಳಿದ್ದಲ್ಲ. ನೀವು ಹೇಳಿದ್ದು.”

ಮಾತಿಗೆ ಮಾತು ಬೆಳೆಯಿತು. ಮರುದಿನ ಅಕ್ಕ ಆ ವಿಡಿಯೋ ತರಿಸಿಕೊಂಡು ಸ್ಟುಡಿಯೋಗೆ ಬಂದರು. “ಇವಳ ಗಲಾಟೆ ಎಲ್ಲ ತೆಗೆದುಬಿಡು. ಅವನ ದನಿ ಮಾತ್ರ ಉಳಿಸು. ಅವನಿಗೆ ಏನು ಬೇಕು ಅಂತ ಎಲ್ಲರಿಗೂ ಕೇಳ್ಲಿ” ಅಂದರು.

ನಾನು ಅದನ್ನು ದೊಡ್ಡ ತೆರೆಗೆ ಹಾಕಿದೆ. ಅಭ್ಯಾಸಬಲ, ಸದ್ದು ಪೂರ್ತಿ ಇಳಿಸಿ ಓಡಿಸಿದೆ. ಮೊದಲು ಮೂಕ.

ಕತ್ತಲಲ್ಲಿ ಅಣ್ಣನ ಮುಖ ತೇಲಿಬಂತು. ವಿಡಿಯೋ ಮಾಡುತ್ತಿರುವ ಮಗಳ ಇನ್ನೊಂದು ಕೈ ಕೇಂದ್ರದ ಫೋಟೋವನ್ನು ಅವನೆದುರು ಹಿಡಿಯುತ್ತದೆ. ಅವನ ಹುಬ್ಬು ಏರುತ್ತದೆ. ಮಂಚದ ಕೆಳಗೆ ಅವನ ಎಡಗಾಲು ಮೆಲ್ಲಗೆ ಚಾಚಿ, ನೆಲ ತಡವಿ, ಚಪ್ಪಲಿಯನ್ನು ಹುಡುಕುತ್ತದೆ. ಸಿಕ್ಕಿತು. ಹೆಬ್ಬೆರಳು ಉಂಗುಷ್ಟದೊಳಗೆ ತೂರಿತು. ಆಮೇಲೆ ಅವನು ಬಾಯಿ ತೆರೆಯಲು ಹೊರಟ. ಅಷ್ಟರಲ್ಲಿ ತೆರೆಯ ಅಂಚಿನಲ್ಲಿ ಇನ್ನೊಂದು ಬಾಯಿ ಆಡಲು ಶುರುಮಾಡಿತ್ತು. ಅದು ಅಕ್ಕನದು. ಅವನ ತುಟಿ ಇನ್ನೂ ತೆರೆದೇ ಇರಲಿಲ್ಲ.

“ಇನ್ನೊಂದ್ಸಲ ಹಾಕು” ಅಂದರು ಅಕ್ಕ.

ಹಾಕಿದೆ. ಮತ್ತೆ ಹುಬ್ಬು, ಮತ್ತೆ ಚಪ್ಪಲಿ, ಮತ್ತೆ ಆ ಇನ್ನೊಂದು ಬಾಯಿ. ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಆ ಕಾಲು ನಮ್ಮಿಬ್ಬರ ಕನಸಿನೊಳಗೇ ನಡೆಯುತ್ತಿದೆ ಅನ್ನಿಸಿತು. ಕೊನೆಗೆ ಅಕ್ಕ ಸ್ಕ್ರಿಪ್ಟಿನ ಪ್ಯಾಡ್ ಎಳೆದುಕೊಂಡು ಎಂದಿನಂತೆ ಸಾಲು ಬರೆದರು. ‘ನನ್ನ ಕಳಿಸಿಕೊಡೇ.’ ಬರೆದು, ಪೆನ್ನಿನ ಮುಚ್ಚಳ ಹಾಕಿ, ಜೋರಾಗಿ ಅತ್ತುಬಿಟ್ಟರು. ಆ ಕೋಣೆಯ ಗೋಡೆಗಳು ಎಷ್ಟೇ ದೊಡ್ಡ ಅಳುವನ್ನೂ ನುಂಗುತ್ತವೆ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

“ದರೋಡೆ ಕಣೋ” ಅಂದರು ಆಮೇಲೆ. “ಸ್ವಂತ ಅಣ್ಣನ ಬಾಯಿಗೇ ಕೈ ಹಾಕಿದೆ.”

ಆ ವಾರವೇ ಅವನನ್ನು ಕಳಿಸಿಕೊಟ್ಟರು. ಚಪ್ಪಲಿಯನ್ನು ತಾವೇ ಹೊಸದು ತಂದು ಹಾಕಿಸಿದರು.

ಎರಡು ತಿಂಗಳ ಮೇಲೆ ಅಕ್ಕನ ಜೊತೆ ನಾನೂ ಹೋದೆ. ಉದ್ದನೆಯ ಜಗಲಿ, ಸಾಲಾಗಿ ಕುರ್ಚಿಗಳು. ಅಣ್ಣ ಕೋಲು ಹಿಡಿದು ತಾನೇ ನಡೆದು ಬಂದ. ತಂಗಿಯನ್ನು ನೋಡಿ ಬಾಯಿ ತೆರೆದ. “ಅಯ್ಯೋ...” ಅಷ್ಟಕ್ಕೇ ನಿಂತಿತು. ಪಕ್ಕದಲ್ಲಿದ್ದ ಹೊಸ ನರ್ಸಮ್ಮ ಅಕ್ಕನ ಕಡೆ ತಿರುಗಿ, “ಏನಂತೆ ಅಮ್ಮ ಇವರಿಗೆ?” ಅಂದಳು.

ಅಕ್ಕನ ತುಟಿ ತೆರೆಯಲು ಹೊರಟಿದ್ದನ್ನು ನಾನು ಕಂಡೆ. ಸಾಲು ಅಲ್ಲಿಯವರೆಗೂ ಬಂದಿತ್ತು. ನುಂಗಿಕೊಂಡರು.

“ನಂಗೇನ್ ಗೊತ್ತಮ್ಮ. ಅವನನ್ನೇ ಕೇಳಿ” ಅಂದರು.

ಕಾದೆವು. ಬಿಸಿಲು ಒಂದು ಕುರ್ಚಿಯಿಂದ ಇಳಿದು ಇನ್ನೊಂದಕ್ಕೆ ಹತ್ತಿತೇನೋ, ಅಷ್ಟು ಹೊತ್ತು. ಅಣ್ಣ ತಂಗಿಯ ಮುಚ್ಚಿದ ಬಾಯಿಯನ್ನೇ ನೋಡುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ, ಭಾರ ಇಳಿಸಿದವನಂತೆ ಉಸಿರು ಬಿಟ್ಟ.

“ಸದ್ಯ” ಅಂದ.