ಕಲ್ಲಿಂದ ಕಲ್ಲಿಗೆ ಒಂದೂವರೆ ನಿಮಿಷ

ಹೊನ್ನಯ್ಯನವರನ್ನು ಯಾರಾದರೂ ‘ಸ್ಪೀಡ್ ಡ್ರೈವರ್’ ಅಂದರೆ ನನಗೆ ಮೈ ಉರಿಯುತ್ತದೆ. ಅರಸೀಕೆರೆಯಿಂದ ಹಳೇಬೀಡಿಗೆ ಇಪ್ಪತ್ತೆರಡು ವರ್ಷ ಖಾಸಗಿ ಬಸ್ಸು ಓಡಿಸಿದವರು, ಒಂದು ಕೋಳಿಯನ್ನೂ ಸಾಯಿಸಿದವರಲ್ಲ. ಹಾರನಹಳ್ಳಿಯಲ್ಲಿ ವಿಜ್ಞಾನ ಪಾಠ ಮಾಡುವ ನಾನು ಒಂಬತ್ತು ವರ್ಷ ಅವರ ಬೆನ್ನ ಹಿಂದಿನ ಸೀಟಿನಲ್ಲೇ ಕೂತು ಹೋದವಳು. ದಾರಿಯಲ್ಲಿ ಅದೇ ಬಸ್ಸಿಗೆ ಬರುವ ಶಾಲೆಯ ಮಕ್ಕಳಿಗೆ ವೇಗದ ಲೆಕ್ಕ ಹೇಳಿಕೊಟ್ಟರೆ ಹೊನ್ನಯ್ಯನವರೂ ಕಿವಿಗೊಡುತ್ತಿದ್ದರು.

ಆ ಬಸ್ಸಿನ ಸ್ಪೀಡ್ ಮೀಟರ್ ಕೆಟ್ಟು ಯಾವ ಕಾಲವಾಗಿತ್ತೋ! ಮಾಲೀಕ ಷಡಕ್ಷರಪ್ಪನವರು ರಿಪೇರಿ ಮಾಡಿಸಲಿಲ್ಲ. ಅದಕ್ಕೇ ಮೊದಲಿನಿಂದಲೂ ಅವರ ಜೊತೆಗಿದ್ದ ಕಂಡಕ್ಟರ್ ಇಂದ್ರೇಶ ಬಾಗಿಲಲ್ಲಿ ನಿಂತು, ಒಂದು ಕಿಲೋಮೀಟರ್ ಕಲ್ಲಿಂದ ಮುಂದಿನ ಕಲ್ಲಿಗೆ ಎಷ್ಟು ಹೊತ್ತಾಯಿತೆಂದು ವಾಚು ನೋಡಿ ಕೂಗುತ್ತಿದ್ದ.

“ಒಂದೂವರೆ ನಿಮ್ಸ, ಅಣ್ಣೋ!”

ಅಂದರೆ ಗಂಟೆಗೆ ನಲವತ್ತು. “ಸಾಕು ಕಣ್ಲಾ,” ಎನ್ನುವರು ಹೊನ್ನಯ್ಯ. ಅವರ ಹೆಂಡತಿ ಮುನಿಯಮ್ಮ ಕಟ್ಟಿಕೊಟ್ಟ ರೊಟ್ಟಿಯನ್ನು ಇಬ್ಬರೂ ಒಂದೇ ಡಬ್ಬಿಯಲ್ಲಿ ತಿನ್ನುತ್ತಿದ್ದರು.

ಕಳೆದ ಆಷಾಢದಲ್ಲಿ, ನಾನು ರಜೆ ಹಾಕಿದ್ದ ದಿನ, ಟ್ರ್ಯಾಕ್ಟರ್ ಹಿಂದಿಕ್ಕಿ ಎದುರಿಗೆ ನುಗ್ಗಿದ ಕಾರನ್ನು ತಪ್ಪಿಸಲು ಹೋಗಿ ಬಸ್ಸು ಚರಂಡಿಗಿಳಿಯಿತು. ಕಾರಿನವನದು ಒಂದೇ ಹಠ: “ನಾನು ಅರವತ್ತರಲ್ಲಿದ್ದೆ. ಬಸ್ಸು ನೂರರಲ್ಲಿ ಮೈಮೇಲೇ ಬಂತು. ಕಣ್ಣಾರೆ ಕಂಡೆ!”

ಷಡಕ್ಷರಪ್ಪನವರ ಮನೆ ಜಗುಲಿಯಲ್ಲಿ ಪಂಚಾಯ್ತಿ ಸೇರಿತು. ತಪ್ಪು ಹೊನ್ನಯ್ಯನವರದೆಂದಾದರೆ ಅವರ ಕೆಲಸ ಹೋದಂತೆಯೇ. ಕರೆಯದಿದ್ದರೂ ನಾನು ಹೋದೆ.

“ಸ್ವಾಮಿ, ಎದುರುಬದುರು ಬರುವಾಗ ಇಬ್ಬರ ವೇಗಾನೂ ಕೂಡುತ್ತೆ,” ಎಂದೆ. “ಕಾರಿನ ಅರವತ್ತು, ಬಸ್ಸಿನ ನಲವತ್ತು, ಎರಡೂ ಸೇರಿ ಇವರ ಕಣ್ಣಿಗೆ ನೂರು. ರಸ್ತೆ ಬದಿ ನಿಂತವರಿಗೆ ಬಸ್ಸು ನಲವತ್ತೇ.”

ಷಡಕ್ಷರಪ್ಪನವರು ತಲೆದೂಗಿದರು. “ಸರಿ ಮೇಡಂ. ಆದ್ರೆ ಬಸ್ಸು ನಲವತ್ತರಲ್ಲೇ ಇತ್ತು ಅನ್ನೋಕೆ ಸಾಕ್ಷಿ ಯಾರು? ಏನ್ಲಾ ಇಂದ್ರೇಶ, ಅವತ್ತು ಕಲ್ಲಿಂದ ಕಲ್ಲಿಗೆ ಎಷ್ಟಾಗಿತ್ತು?”

ಹೊನ್ನಯ್ಯನವರ ಮುಖ ಅರಳಿತು. “ಹೇಳ್ಲಾ,” ಎಂದರು.

ಇಂದ್ರೇಶ ಕೈಗಡಿಯಾರ ತಿರುಗಿಸುತ್ತಾ ನೆಲ ನೋಡಿದ. “ಮುಕ್ಕಾಲು ನಿಮ್ಸ.”

ಗಂಟೆಗೆ ಎಂಬತ್ತು! ಅವನ ನಾಲಗೆ ಸೇದಿಹೋಗ! ಆ ಲೆಕ್ಕವನ್ನು ಅಲ್ಲಿ ಯಾರಿಗೂ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

“ಯಾಕ್ಲಾ?” ಹೊನ್ನಯ್ಯ ಕೇಳಿದ್ದು ಅಷ್ಟೇ.

ಮುಂದಿನ ಸೋಮವಾರ ಆ ಸ್ಟೇರಿಂಗ್ ಹಿಡಿದು ಕೂತವನು ಇಂದ್ರೇಶನ ಬಾಮೈದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಅಲ್ಲವೇ?

ಅವತ್ತು ಸಂಜೆ ನಾನು ಹೊನ್ನಯ್ಯನವರ ಮನೆಗೆ ಹೋಗಿ ಇಂದ್ರೇಶನನ್ನು ಬಾಯಿಗೆ ಬಂದಂತೆ ಬೈದೆ. ಅವರು ಮಾತ್ರ ತಣ್ಣಗೆ ಕೂತಿದ್ದರು.

“ಒಂದೇ ಬಸ್ಸಲ್ಲಿ ಜೊತೇಲಿ ಹೋಗೋನು ಅಲ್ಲಾಡ್ದೆ ನಿಂತಂಗೇ ಕಾಣ್ತಾನೆ ಅಂತ ನೀವೇ ಮಕ್ಳಿಗೆ ಹೇಳ್ತಿದ್ರಲ್ಲ ಮೇಡಂ. ಇಪ್ಪತ್ತೆರಡು ವರ್ಸ ನಂಗೂ ಅಂಗೇ ಕಂಡ.”

ಮುನಿಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ಸಾಕ್ಷಿ ಹೇಳಕ್ಕೆ ಹೋಗೋ ಮುಂಚೆ ಇಲ್ಲೇ ಉಂಡ ಕಣವ್ವ. ‘ಅತ್ತಿಗೆ, ಇನ್ನೊಂದ್ ರೊಟ್ಟಿ ಹಾಕಿ’ ಅಂತ ಕೇಳಿ ಹಾಕಿಸ್ಕೊಂಡ.”