ಕುಂಬಳಕಾಯಿಗೆ ಅತ್ತೆಯ ಮಣೆ

ಊಟಕ್ಕೆ ಅತ್ತೆ ಬರಿ ನೆಲದ ಮೇಲೆ ಕೂತದ್ದನ್ನು ಕಂಡು ಗಾಬರಿಯಾದೆ. ಮಣೆಯಿಲ್ಲದೆ ಅವರು ಉಣ್ಣುವವರೇ ಅಲ್ಲ.

ಕೊಡಗು ಮೈಸೂರಿಗೆ ಸೇರಿದ ಹೊಸತು. ಕೊಡ್ಲಿಪೇಟೆಗೆ ಸೊಸೆಯಾಗಿ ಬಂದ ನನಗೆ ಅದು ಮೊದಲ ಮಳೆಗಾಲ. ಹಿತ್ತಿಲಿನ ಸಿಹಿಗುಂಬಳದ ಹೀಚೊಂದನ್ನು ನಾನು ಬೆರಳು ಮಾಡಿ ತೋರಿಸಿದ್ದೆ, ಅದು ಕೊಳೆಯಿತು. ಬೆರಳು ತೋರಿಸಿದ್ದಕ್ಕೇ ಹಾಗಾಯಿತೆಂದು ಓರಗಿತ್ತಿ ಅಂದಿದ್ದಳು. ಬಳ್ಳಿಯಲ್ಲಿ ಉಳಿದ ದೊಡ್ಡ ಕಾಯಿಯತ್ತ ನೋಡಲೂ ನಾನು ಹೆದರುತ್ತಿದ್ದೆ.

“ಕೊಳೆತಿದ್ದು ನಿನ್ ಬೆರಳಿಗಲ್ಲ ಕಣೆ, ನೆಲದ ಥಂಡಿಗೆ. ಉಳ್ದಿದ್ದಕ್ಕೆ ನನ್ ಮಣೆ ಕೊಟ್ಟಿದೀನಿ, ಹೋಗ್ ನೋಡು,” ಎಂದರು ಅತ್ತೆ.

ಒಣಹುಲ್ಲು ಹಾಸಿದ ಮಣೆಯ ಮೇಲೆ ಕಾಯಿ ನೆಂಟರಂತೆ ಕೂತಿತ್ತು.

ಅದು ಇಬ್ಬರು ಹೊರುವಷ್ಟು ದೊಡ್ಡದಾಯಿತು. ನೋಡಲು ಬಂದವರಿಗೆಲ್ಲ ಅತ್ತೆ ನನ್ನ ಕೈ ಹಿಡಿದು, ನನ್ನ ಬೆರಳಿನಿಂದಲೇ ಅದನ್ನು ತೋರಿಸುತ್ತಿದ್ದರು.