ಲಾಂಚು ನಿಲ್ಲಿಸಿದ ಅಜ್ಜ

ಮೊನ್ನೆ ಸಂಜೆ ಇದ್ದಕ್ಕಿದ್ದಂತೆ ಮಳೆ ಬಂತು. ನಮ್ಮ ಬೀದಿಯ ಇಸ್ತ್ರಿಯವನು ಗಾಡಿಗೆ ಟಾರ್ಪಾಲು ಎಳೆಯುವಷ್ಟರಲ್ಲಿ ಕೆಂಡದ ಮೇಲೆ ನೀರು ಬಿದ್ದು ಚುಂಯ್ ಎಂದು ಹೊಗೆ ಎದ್ದಿತು. ಇದ್ದಿಲು, ಆವಿ, ಒದ್ದೆ ಬೂದಿ ಬೆರೆತ ಆ ವಾಸನೆಗೆ ಎದುರುಮನೆ ಅಜ್ಜ ನೆನಪಾದರು. ನಮ್ಮ ಹಿತ್ತಲ ನೀರೊಲೆಯನ್ನು ನಾನು ಆರಿಸುವಾಗಲೆಲ್ಲ ಅವರು, "ಲಾಂಚು ಹತ್ತಿರ ಬಂತು ಹೇಳಿದ್ರೆ ಇದೇ ವಾಸನೆ ತಂಗೀ" ಎನ್ನುತ್ತಿದ್ದರು...

ನಾನು ಮದುವೆಯಾಗಿ ಜಯನಗರಕ್ಕೆ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಜ್ಜ ಎದುರಿಗಿದ್ದ ಮಗಳ ಮನೆಯಲ್ಲಿದ್ದರು. ಅವರದು ಕರಾವಳಿಯ ಒಂದು ಹೊಳೆದಂಡೆಯ ಹಳ್ಳಿ. ಉಬ್ಬರದ ನೀರು ಹಿಡಿದು, ಕಲ್ಲಿದ್ದಲಿನ ಹೊಗೆ ಉಗುಳುತ್ತ ಹಬೆಯ ಲಾಂಚು ಅಲ್ಲಿಯ ದಕ್ಕೆಯವರೆಗೂ, ಎಂದರೆ ದೋಣಿ ನಿಲ್ಲುವ ಕಟ್ಟೆಯವರೆಗೂ, ಬರುತ್ತಿತ್ತಂತೆ. ದಕ್ಕೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿದವರು ಅವರ ತಂದೆ. ಅದರ ಮೇಲೆ ಕೂತು ಟಿಕೆಟ್ಟು ಕೊಡುತ್ತಿದ್ದವರು ಇವರು. ಉಪ್ಪು, ಒಣಮೀನು, ಸೀಮೆಎಣ್ಣೆ ಇಳಿಯುತ್ತಿದ್ದವು. ಅಕ್ಕಿ, ಬೆಲ್ಲ, ತವರಿಗೆ ಹೊರಟ ಹೆಣ್ಣುಮಕ್ಕಳು ಏರುತ್ತಿದ್ದರು. ಸಿಳ್ಳೆ ಕೇಳಿದ ಮೇಲೆ ಅನ್ನಕ್ಕಿಡುತ್ತಿದ್ದ ವಿಧವೆಯೊಬ್ಬಳ ಖಾನಾವಳಿ, ಎತ್ತಿನಗಾಡಿಯವರು, ಹಮಾಲರು... ಎಲ್ಲರೂ ಆ ಮೆಟ್ಟಿಲುಗಳನ್ನೇ ನಂಬಿ ಬದುಕಿದ್ದರು.

ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಲಾಂಚು ಇಲ್ಲ. ಅಂಥ ಒಂದು ಮಳೆಯಲ್ಲಿ ಅಜ್ಜಿಗೆ ಜ್ವರ ಏರಿತು. ಆಸ್ಪತ್ರೆ ಹೊಳೆಯಾಚೆ. ಕಂಬಳಿ ಹೊದಿಸಿ ದಕ್ಕೆಯ ಮೇಲೆ ಕೂರಿಸಿಕೊಂಡು ಕಾದರಂತೆ. ಯಾವ ದೋಣಿಯವನೂ ಹುಟ್ಟು ಹಾಕಲು ಧೈರ್ಯ ಮಾಡಲಿಲ್ಲ. ಅಜ್ಜಿ ಅಲ್ಲೇ ಹೋದರು.

ಆಮೇಲೆ ಅಜ್ಜ ಸೇತುವೆಗಾಗಿ ಕಚೇರಿಗಳಿಗೆ ಅಲೆದರು. ಊರವರಿಂದ ಅರ್ಜಿಗೆ ಸಹಿ ಹಾಕಿಸಿದರು. ದಕ್ಕೆಯ ಒಡೆಯರೇ ಕೇಳಿದರೆಂದು ಹಮಾಲರೂ ಹೆಬ್ಬೆಟ್ಟು ಒತ್ತಿದರು. ಸೇತುವೆ ಬಂತು, ಅದರ ಮೇಲೆ ಬಸ್ಸು ಬಂತು, ಲಾಂಚು ನಿಂತಿತು. ಖಾನಾವಳಿಯ ಒಲೆ ಆರಿತು. ಹಮಾಲರು ಒಬ್ಬೊಬ್ಬರಾಗಿ ಊರು ಬಿಟ್ಟರು.

"ಸೇತುವೆ ಬೇಕೇ ಇತ್ತಲ್ಲ ಅಜ್ಜ?" ಎಂದು ಒಮ್ಮೆ ಕೇಳಿದ್ದೆ.

"ಬೇಕಿತ್ತು. ಆದ್ರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಮುಂದೆ ಎಂತ ಆಗ್ತದೆ ಹೇಳಿ ನಂಗೆ ಗೊತ್ತಿತ್ತು. ಅವರಿಗೆ ಗೊತ್ತಿರ್ಲಿಲ್ಲ. ನಾನು ಹೇಳ್ಲಿಲ್ಲ ತಂಗೀ."

ಒಂದು ಬೇಸಿಗೆ, ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕೆಲಸ ಶುರುವಾಯಿತು. ಅಜ್ಜ ಬೀದಿಯಲ್ಲಿ ಅಡ್ಡಾಡುವುದನ್ನೇ ಬಿಟ್ಟರು. ಪೇಪರ್ ಓದಲು ನಮ್ಮ ಮನೆಗೂ ಹಿತ್ತಲ ಬಾಗಿಲಿನಿಂದ ಬರತೊಡಗಿದರು. ಯಾಕೆಂದು ನನಗೆ ತಿಳಿದದ್ದು, ಕಲ್ಲು ಹೊರುವ ಎತ್ತರದ ಆಳೊಬ್ಬ ಕೊಡ ಹಿಡಿದು ನೀರು ಕೇಳಿಕೊಂಡು ನಮ್ಮ ಹಿತ್ತಲಿಗೆ ಬಂದ ದಿನ. ಅಜ್ಜ ಅಲ್ಲೇ ಕೂತಿದ್ದರು. ಮುಖಕ್ಕೆ ಪೇಪರ್ ಅಡ್ಡ ಹಿಡಿದರು. ಅವನು, ಒಂದು ಕಾಲಕ್ಕೆ ಟಿಕೆಟ್ಟು ಕೊಡುತ್ತಿದ್ದ ಅವರ ಕೈಬೆರಳುಗಳನ್ನೇ ನೋಡುತ್ತ ನಿಂತ.

"ನಮ್ಮ ದಕ್ಕೆ ಒಡೆಯರಲ್ದಾ?"

ಅಜ್ಜ ಪೇಪರ್ ಕೆಳಗಿಟ್ಟರು. ಎದ್ದು ಅವನೆದುರು ಕೈಮುಗಿದರು. "ನಿಮ್ಮನ್ನೆಲ್ಲ ಹಾಳು ಮಾಡಿದವ ನಾನು ಮಾರಾಯ. ಬೈದ್ಬಿಡು."

ಅವನು ಕೊಡ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದ. "ಎಂತಕ್ಕೆ ಬೈಯೂದು ಒಡೆಯಾ? ಮಗಳಿಗೆ ಹೆರಿಗೆ ಕಷ್ಟ ಆದಾಗ ಬಸ್ಸಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋದದ್ದು. ತಾಯಿ ಮಗು ಇಬ್ರೂ ಉಳ್ದ್ರು."

ಅಷ್ಟು ಕೇಳಿ ಅಜ್ಜನ ಎದೆ ಹಗುರಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ಮರುದಿನದಿಂದ ಅವರು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಸೈಟಿಗೆ ಹೋಗತೊಡಗಿದರು. ಖಾನಾವಳಿಯವಳು ಎಲ್ಲಿದ್ದಾಳೆ, ಗಾಡಿಯವರು ಏನಾದರು ಎಂದು ವಿಚಾರಿಸುವರು. ಯಾರೋ ಸತ್ತ ಸುದ್ದಿ ಬಂದರೆ ಮತ್ತೆ ಕೈಮುಗಿಯುವರು. ಉಳಿದ ಆಳುಗಳು ಕೆಲಸ ನಿಲ್ಲಿಸಿ ನೋಡುವರು. ಆ ಮನುಷ್ಯ ತಲೆ ತಗ್ಗಿಸಿಕೊಂಡು ಕಾಫಿ ಕುಡಿಯುವನು. ಕುಡಿಯದೆ ಇರಲೂ ಅವನಿಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಬರಲಿಲ್ಲ. ಮೇಸ್ತ್ರಿಯನ್ನು ಕೇಳಿದೆ.

"ವಿಲ್ಸನ್ ಗಾರ್ಡನ್ ಕಡೆ ಕೆಲ್ಸಕ್ಕೆ ಹೋದ ಕಣಮ್ಮ. ಆ ತಾತ ದಿನಾ ಬಂದು ಕೈ ಮುಗೀತಿದ್ರಲ್ಲ, ಇವ್ನಿಗೆ ತಡ್ಕೊಳ್ಳಕ್ಕಾಗ್ಲಿಲ್ಲ."

ಅಜ್ಜ ಗೇಟಿನ ಬಳಿ ಫ್ಲಾಸ್ಕು ಹಿಡಿದು ನಿಂತಿದ್ದರು. ಮೇಸ್ತ್ರಿಯ ಗಂಟಲು ದೊಡ್ಡದು, ಅವರಿಗೂ ಕೇಳಿಸಿತ್ತು. ಫ್ಲಾಸ್ಕಿನ ಮುಚ್ಚಳವನ್ನು ಮತ್ತೆ ಬಿಗಿ ಮಾಡಿದರು. ಆಮೇಲೆ, "ಇಲ್ಲಿಂದಲೂ ಓಡಿಸಿದೆನಲ್ಲ" ಎಂದು ಒಳಗೆ ಹೋದರು. ಆ ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು.

ಹೋದ ವರ್ಷ ನನ್ನ ಮಗಳ ಜೊತೆ ಅಜ್ಜನ ಊರಿನ ಕಡೆ ಹೋಗಿದ್ದೆ. ಕಾರು ಸೇತುವೆ ದಾಟಿದ್ದೇ ತಿಳಿಯಲಿಲ್ಲ. ನಿಲ್ಲಿಸಲು ಹೇಳಿ ಕೆಳಗಿಳಿದೆ. ಹೊಳೆಯತ್ತ ಇಳಿಯುವ ಜಾಗದಲ್ಲಿ ಆಳೆತ್ತರ ಹುಲ್ಲು. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಹೆಂಗಸನ್ನು ಕೇಳಿದರೆ, "ಇಲ್ಲಿ ಲಾಂಚು ಬರ್ತಿತ್ತಾ? ನಂಗೆ ಗೊತ್ತೇ ಇಲ್ಲ ಅಮ್ಮಾ" ಎಂದು ನಕ್ಕಳು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದಳು. ಅಜ್ಜನನ್ನು ಬೈಯಬಹುದಾಗಿದ್ದ ಒಬ್ಬರೂ ಆ ಊರಿನಲ್ಲಿ ಉಳಿದಂತೆ ಕಾಣಲಿಲ್ಲ. ಈ ಮಾತನ್ನು ಅವರಿಗೆ ಹೇಳಬೇಕೆನಿಸಿತು... ಹೇಳೋಣವೆಂದರೆ ಅವರೂ ಇಲ್ಲ.